ಹಳೆಯ ಐಷಾರಾಮಿ ಸೆಡಾನ್ ಕಾರು: ಸಾಮಾನ್ಯ ದೋಷಗಳು ಮತ್ತು ದುರಸ್ತಿ

ಹಳೆಯ ಐಷಾರಾಮಿ ಸೆಡಾನ್ ಎಂದರೆ ತಯಾರಾದ ಕಾಲದಲ್ಲಿ ದುಬಾರಿ ದರ್ಜೆಗೆ ಸೇರಿದ್ದ, ನೋಂದಣಿಯಾಗಿ 15 ವರ್ಷ ದಾಟಿದ, ಪ್ರತ್ಯೇಕ ಡಿಕ್ಕಿಯುಳ್ಳ ನಾಲ್ಕು ಬಾಗಿಲಿನ ಕಾರು. ಭಾರತದಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿ 15 ವರ್ಷಕ್ಕೆ ಮುಗಿಯುವುದರಿಂದ ಇಲ್ಲಿಯೂ ಅದೇ ಗಡಿಯನ್ನು ಇಟ್ಟುಕೊಳ್ಳಲಾಗಿದೆ. ಹಿಂದೂಸ್ತಾನ್ ಕಾಂಟೆಸ್ಸಾ, ಮರ್ಸಿಡಿಸ್-ಬೆಂಜ್ ಇ-ಕ್ಲಾಸ್, ಬಿಎಂಡಬ್ಲ್ಯು 5 ಸರಣಿ, ಆಡಿ ಎ6, ಟೊಯೋಟಾ ಕ್ಯಾಮ್ರಿ ಈ ವರ್ಗದ ಪರಿಚಿತ ಹೆಸರುಗಳು.

ಇವುಗಳಲ್ಲಿ ಕಾಣಿಸಿಕೊಳ್ಳುವ ದೋಷಗಳನ್ನು ಸವೆತ, ಮುಪ್ಪು ಎಂದು ಎರಡಾಗಿ ನೋಡಬೇಕು. ಪಿಸ್ಟನ್ ರಿಂಗ್, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್ ಓಡಿದಷ್ಟೂ ಸವೆಯುತ್ತವೆ. ರಬ್ಬರ್ ಹೋಸ್, ಪ್ಲಾಸ್ಟಿಕ್ ಟ್ಯಾಂಕ್, ಆಯಿಲ್ ಸೀಲ್, ವೈರಿನ ಹೊದಿಕೆ ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಹಾಳಾಗುತ್ತವೆ, ಇದು ಮುಪ್ಪು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಕಣ್ಣು ಮೊದಲು ಹೋಗುವುದು ಮೀಟರಿನ ಕಿಲೋಮೀಟರ್ ಅಂಕಿಯ ಮೇಲೆ. ಆದರೆ ಈ ವರ್ಗದ ಕಾರುಗಳಲ್ಲಿ ತಯಾರಾದ ವರ್ಷವೇ ಹೆಚ್ಚಿನ ಸಂಗತಿ ಹೇಳುತ್ತದೆ. ಇವುಗಳ ಉಕ್ಕಿನ ಭಾಗಗಳು ಲಕ್ಷಾಂತರ ಕಿಲೋಮೀಟರ್ ಬಾಳುವಂತೆ ಮಾಡಿದವು; ಅವುಗಳ ನಡುವಿನ ರಬ್ಬರಿಗೆ ಅಷ್ಟು ಆಯುಸ್ಸಿಲ್ಲ.

ಹಿನ್ನೆಲೆ

ಪರವಾನಗಿ ನೀತಿಯ ದಶಕಗಳಲ್ಲಿ ಭಾರತದಲ್ಲಿ ತಯಾರಾಗುತ್ತಿದ್ದ ಕಾರುಗಳೇ ಬೆರಳೆಣಿಕೆಯಷ್ಟು. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಿಂದ ಕಾಂಟೆಸ್ಸಾವನ್ನು ಹೊರತಂದಿತು. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಒಡಲಿಗೆ ಮೊದಲು ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಕೂರಿಸಿದ್ದರಿಂದ ಏರು ರಸ್ತೆಯಲ್ಲಿ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂದ ಮೇಲೆ ಆ ಕೊರತೆ ನೀಗಿತು. ಬಳಿಕ 2 ಲೀಟರಿನ ಡೀಸೆಲ್ ಕೂಡ ಬಂತು. 2002ರಲ್ಲಿ ತಯಾರಿಕೆ ನಿಂತಿತು. ರೋವರ್ ಎಸ್‌ಡಿ1 ಆಧಾರಿತ ಸ್ಟ್ಯಾಂಡರ್ಡ್ 2000 ಮದ್ರಾಸಿನಲ್ಲಿ 1985ರಿಂದ ಕೆಲವೇ ವರ್ಷ ತಯಾರಾಯಿತು.

ಉದಾರೀಕರಣದ ನಂತರ 1995ರಲ್ಲಿ ಮರ್ಸಿಡಿಸ್-ಬೆಂಜ್ ಡಬ್ಲ್ಯು124 ಮಾದರಿಯ ಇ-ಕ್ಲಾಸ್ ಪುಣೆಯಲ್ಲಿ ಜೋಡಣೆಯಾಗತೊಡಗಿತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇ220, ಐದು ಸಿಲಿಂಡರಿನ ಡೀಸೆಲ್ ಇ250ಡಿ ಎಂಬ ಎರಡು ರೂಪಗಳಿದ್ದವು. ಅದರ ಜಾಗಕ್ಕೆ ಡಬ್ಲ್ಯು210, ಆಮೇಲೆ ಡಬ್ಲ್ಯು211 ಬಂದವು. 2007ರ ಹೊತ್ತಿಗೆ ಬಿಎಂಡಬ್ಲ್ಯು ಚೆನ್ನೈ ಬಳಿ, ಆಡಿ ಔರಂಗಾಬಾದಿನಲ್ಲಿ ಜೋಡಣೆ ಆರಂಭಿಸಿದವು. ಟೊಯೋಟಾ ಕ್ಯಾಮ್ರಿ ಮೊದಲು ಪೂರ್ತಿ ತಯಾರಾಗಿ ಆಮದಾಗುತ್ತಿತ್ತು; ಬೆಂಗಳೂರು ಸಮೀಪದ ಬಿಡದಿಯಲ್ಲಿ ಅದರ ಜೋಡಣೆ ಶುರುವಾದದ್ದು 2012ರಲ್ಲಿ.

ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನು ಓಡಿಸಬಾರದೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಹಳೆಯ ದುಬಾರಿ ಕಾರುಗಳು ದಕ್ಷಿಣದ ರಾಜ್ಯಗಳಿಗೂ ಬಂದವು. ಕೊಳ್ಳುವ ಬೆಲೆ ಹೊಸ ಸಣ್ಣ ಕಾರಿಗಿಂತ ಕಡಿಮೆ ಇರಬಹುದು, ಬಿಡಿಭಾಗಗಳ ಬೆಲೆ ಮಾತ್ರ ಕಾರು ಹೊಸದಾಗಿದ್ದಾಗಿನ ದರ್ಜೆಗೇ ನಿಂತಿರುತ್ತದೆ. ಅನೇಕ ಕಾರುಗಳು ಅರೆಬರೆ ದುರಸ್ತಿಯಲ್ಲಿ ಉಳಿಯುವುದಕ್ಕೆ ಇದೇ ಕಾರಣ.

ಘಾಟಿ ರಸ್ತೆ

ಬಯಲಿನಲ್ಲಿ ಅಡಗಿರುವ ದೋಷ ಘಾಟಿಯಲ್ಲಿ ಹೊರಬೀಳುತ್ತದೆ. ಚಾಮರಾಜನಗರ ಜಿಲ್ಲೆಯಲ್ಲಿ ಇಂಥ ರಸ್ತೆಗಳು ಹತ್ತಿರ ಹತ್ತಿರದಲ್ಲೇ ಇವೆ. ಯಳಂದೂರಿನಿಂದ ಗುಂಬಳ್ಳಿ ಚೆಕ್‌ಪೋಸ್ಟ್ ಮೂಲಕ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 24 ಕಿ.ಮೀ.; ಚಾಮರಾಜನಗರದ ಕಡೆಯಿಂದ ಕ್ಯಾತದೇವರ ಗುಡಿಯ ಮೇಲೆ ಇನ್ನೊಂದು ದಾರಿ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿದರೆ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ಘಾಟಿ. ಕೊಳ್ಳೇಗಾಲ, ಯಳಂದೂರು, ಚಾಮರಾಜನಗರಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 948 ತಮಿಳುನಾಡಿನ ದಿಂಬಂನಲ್ಲಿ 27 ಕಡಿದಾದ ತಿರುವುಗಳನ್ನು ಇಳಿಯುತ್ತದೆ.

ಏರುವಾಗ ಬಸ್ಸಿನ ಹಿಂದೆ ಮೊದಲ ಅಥವಾ ಎರಡನೇ ಗೇರಿನಲ್ಲಿ ತೆವಳುವ ಕಾರಿನ ಎಂಜಿನ್ ಪೂರ್ತಿ ಶಕ್ತಿ ಹಾಕುತ್ತಿರುತ್ತದೆ. ರೇಡಿಯೇಟರಿಗೆ ಎದುರುಗಾಳಿ ಇರುವುದಿಲ್ಲ, ತಂಪಿನ ಭಾರವೆಲ್ಲ ಫ್ಯಾನಿನ ಮೇಲೆ. ಇಳಿಯುವಾಗ ಕಾರಿನ ತೂಕ ಹೊತ್ತುಕೊಳ್ಳುವುದು ಬ್ರೇಕ್. ಒಂದೂವರೆ ಟನ್ ದಾಟುವ ಸೆಡಾನಿಗೆ ಇವೆರಡೂ ಕಠಿಣ ಪರೀಕ್ಷೆಗಳು. ಬಿಳಿಗಿರಿರಂಗನ ಬೆಟ್ಟದ ರಸ್ತೆ 2011ರಲ್ಲಿ ಘೋಷಣೆಯಾದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೋಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿಕೊಂಡು ಕೂರುವಂತಿಲ್ಲ. ಆದ್ದರಿಂದ ತಪಾಸಣೆ ಕೆಳಗೇ ಮುಗಿಯಬೇಕು.

ಕೂಲಿಂಗ್ ವ್ಯವಸ್ಥೆಯ ದೋಷಗಳು

ಹಳೆಯ ಸೆಡಾನಿನ ಎಂಜಿನ್ ಸಾಯುವುದಕ್ಕೆ ಅತಿ ಸಾಮಾನ್ಯ ಕಾರಣ ಹೀಟ್ ಆಗುವುದು; ಅದರ ಮೂಲವಾದರೋ ಬಹುಪಾಲು ಅಗ್ಗದ ಒಂದು ಭಾಗ. ಡಬ್ಲ್ಯು124 ಕಾರಿನ ರೇಡಿಯೇಟರಿನ ಮಧ್ಯಭಾಗ ಅಲ್ಯೂಮಿನಿಯಂ, ಎರಡು ಬದಿಯ ತೊಟ್ಟಿಗಳು ಪ್ಲಾಸ್ಟಿಕ್. ಮೇಲಿನ ಹೋಸ್ ಸಿಕ್ಕಿಸುವ ಪ್ಲಾಸ್ಟಿಕ್ ಕುತ್ತಿಗೆ ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಉಗುರು ತಾಗಿಸಿದರೆ ಚಕ್ಕೆ ಏಳುತ್ತದೆ. ಒಂದು ದಿನ ಹೋಸಿನ ಸಮೇತ ಮುರಿದುಬರುತ್ತದೆ. ಹಳೆಯ ಬಿಎಂಡಬ್ಲ್ಯುಗಳಲ್ಲಿ ಹೀಗೆಯೇ ಒಡೆಯುವುದು ಪ್ಲಾಸ್ಟಿಕ್ ಎಕ್ಸ್‌ಪ್ಯಾನ್ಷನ್ ಟ್ಯಾಂಕ್.

ಬೆಟ್ಟ ಹತ್ತಿದ ಕೂಡಲೇ ಎಂಜಿನ್ ಆರಿಸುವುದು ಈ ಭಾಗಗಳಿಗೆ ಕೇಡು. ವಾಟರ್ ಪಂಪ್ ನಿಂತೊಡನೆ ಕೂಲೆಂಟಿನ ಸುತ್ತಾಟ ನಿಲ್ಲುತ್ತದೆ. ಕಾದ ಲೋಹದ ಶಾಖ ನಿಂತ ನೀರಿಗೆ ಇಳಿದು ಅದರ ಉಷ್ಣತೆ ಇನ್ನೂ ಏರುತ್ತದೆ. ಬೆಟ್ಟದ ಮೇಲಿನ ದೇವಸ್ಥಾನದ ಬಳಿ ಕಾರು ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಎಂಜಿನನ್ನು ಐಡಲಿಂಗಿನಲ್ಲಿ ಬಿಡಬೇಕೆಂದು ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕಾಗಿಯೇ.

ಬೆಲ್ಟಿನಿಂದ ತಿರುಗುವ ಫ್ಯಾನಿನ ನಡುವೆ ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಕ್ಲಚ್ ಇರುತ್ತದೆ. ದ್ರವ ಸೋರಿಹೋದರೆ ಫ್ಯಾನ್ ಸುಮ್ಮನೆ ಜಾರುತ್ತದೆ. ಬಯಲಿನ ಓಟದಲ್ಲಿ ಇದು ಗೊತ್ತೇ ಆಗುವುದಿಲ್ಲ, ಏರಿನಲ್ಲಿ ಮಾತ್ರ ಉಷ್ಣತೆಯ ಮುಳ್ಳು ಮೇಲೇರುತ್ತದೆ. ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು ದೋಷ. ಅದನ್ನು ತೆಗೆದೇ ಬಿಡುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಅದು ದುರಸ್ತಿಯಲ್ಲ: ಎಂಜಿನ್ ಸರಿಯಾದ ಉಷ್ಣತೆಗೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ.

ಕೂಲೆಂಟಿನ ಬದಲು ಬೋರ್‌ವೆಲ್ ನೀರು ಹಾಕುವುದರಿಂದ ಆಗುವ ಹಾನಿ ಇವೆಲ್ಲಕ್ಕಿಂತ ದೊಡ್ಡದು. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ, ಆ ನೀರು ಅಲ್ಯೂಮಿನಿಯಂ ಹೆಡ್ಡನ್ನೂ ತಿನ್ನುತ್ತದೆ. ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರಿನ ಸಮಪಾಲಿನ ಮಿಶ್ರಣ ತುಕ್ಕು ತಡೆಯುವುದಲ್ಲದೆ ಕುದಿಯುವ ಉಷ್ಣತೆಯನ್ನೂ ಏರಿಸುತ್ತದೆ. ಮುಚ್ಚಳದ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಕಾಯುವುದರಿಂದ ಸಡಿಲ ಮುಚ್ಚಳವೂ ಎಂಜಿನನ್ನು ಕುದಿಸಬಲ್ಲದು.

ಒಮ್ಮೆ ಚೆನ್ನಾಗಿ ಹೀಟ್ ಆದ ಕಾರಿನಲ್ಲಿ ಹೆಡ್ ಗ್ಯಾಸ್ಕೆಟ್ ನೋಡಲೇಬೇಕು. ಸೋರಿಕೆ ಕಾಣದೆ ಕೂಲೆಂಟ್ ಕಡಿಮೆಯಾಗುವುದು, ಆಯಿಲ್ ಮುಚ್ಚಳದ ಒಳಗೆ ಹಾಲುಬಣ್ಣದ ಕೆನೆ, ಬೆಳಿಗ್ಗೆ ತಣ್ಣಗಿರುವಾಗಲೂ ಹೋಸ್ ಗಟ್ಟಿಯಾಗಿರುವುದು ಅದರ ಲಕ್ಷಣಗಳು. ದುರಸ್ತಿಗೆ ಹೆಡ್ ಬಿಚ್ಚಿ, ಸೊಟ್ಟ ನೋಡಿ, ಕಂಪನಿ ಕೊಟ್ಟ ಮಿತಿಯೊಳಗೆ ಮೇಲ್ಮೈ ಸಮ ಮಾಡಿಸಿ, ಹೊಸ ಬೋಲ್ಟ್ ಹಾಕಬೇಕು. ಸೋರಿಕೆ ಮುಚ್ಚುವ ಪುಡಿಗಳು ಹೀಟರ್ ಕೋರನ್ನೂ ಮುಚ್ಚುತ್ತವೆ.

ಬ್ರೇಕ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ತಾಳಬೆಟ್ಟದವರೆಗೂ ಬ್ರೇಕ್ ತುಳಿದುಕೊಂಡೇ ಇಳಿದರೆ ಕ್ಯಾಲಿಪರಿನ ಬಳಿ ಇಷ್ಟು ಕಾವು ಹುಟ್ಟುವುದು ಕಷ್ಟವಲ್ಲ. ಕುದಿದ ದ್ರವದಲ್ಲಿ ಗುಳ್ಳೆಗಳೆದ್ದು ಪೆಡಲ್ ನೆಲಕ್ಕೆ ತಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು, ಏರಿದ ಗೇರಿನಲ್ಲೇ ಇಳಿಯುವುದು ಇದಕ್ಕೆ ಪರಿಹಾರ. ಆಟೋಮ್ಯಾಟಿಕ್ ಕಾರಿನಲ್ಲಿ ಲಿವರನ್ನು 3 ಅಥವಾ 2ಕ್ಕೆ ತಂದುಕೊಳ್ಳಬೇಕು. ಎಂಜಿನ್ ಆರಿಸಿ ಇಳಿದರೆ ಬೂಸ್ಟರಿನ ನೆರವು ನಿಂತು ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ರಬ್ಬರ್ ಬ್ರೇಕ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ದಾರಿ ಮುಚ್ಚಿರಬಹುದು. ಆಗ ಪೆಡಲ್ ಬಿಟ್ಟ ಮೇಲೂ ಆ ಚಕ್ರದ ಬ್ರೇಕ್ ಹಿಡಿದೇ ಇರುತ್ತದೆ. ಓಡಿಸಿ ನಿಲ್ಲಿಸಿದಾಗ ನಾಲ್ಕು ಚಕ್ರಗಳಲ್ಲಿ ಒಂದೇ ವಿಪರೀತ ಬಿಸಿ ಇದ್ದರೆ ಮೊದಲು ನೋಡಬೇಕಾದವು ಹೋಸ್ ಮತ್ತು ಕ್ಯಾಲಿಪರ್ ಪಿಸ್ಟನ್.

ಡಬ್ಲ್ಯು211 ಇ-ಕ್ಲಾಸಿನ ಮೊದಲ ವರ್ಷಗಳ ಕಾರುಗಳಲ್ಲಿ ಎಸ್‌ಬಿಸಿ ಎಂಬ ವಿದ್ಯುನ್ಮಾನ ಬ್ರೇಕ್ ಇದೆ. ಪಂಪಿನ ಘಟಕ ಎಷ್ಟು ಬಾರಿ ಕೆಲಸ ಮಾಡಿದೆ ಎಂದು ತಾನೇ ಎಣಿಸಿಕೊಂಡು, ನಿಗದಿತ ಮಿತಿ ಮುಟ್ಟಿದಾಗ ಎಚ್ಚರಿಕೆ ತೋರಿಸುತ್ತದೆ. 2004ರಲ್ಲಿ ಕಂಪನಿ ಈ ವ್ಯವಸ್ಥೆಯಿದ್ದ ಲಕ್ಷಾಂತರ ಕಾರುಗಳನ್ನು ಜಗತ್ತಿನಾದ್ಯಂತ ತಪಾಸಣೆಗೆ ಕರೆಸಿಕೊಂಡಿತು. 2006ರ ಪರಿಷ್ಕೃತ ಮಾದರಿಯಲ್ಲಿ ಸಾಮಾನ್ಯ ಹೈಡ್ರಾಲಿಕ್ ಬ್ರೇಕಿಗೆ ಮರಳಿತು. ಎಣಿಕೆಯನ್ನು ಅಳಿಸಿ ಕಾರು ಮಾರುವವರೂ ಇದ್ದಾರೆ. ಹಳೆಯ ಘಟಕದ ಎಣಿಕೆ ಅಳಿಸಿದರೆ ಎಚ್ಚರಿಕೆ ಮಾಯವಾಗುತ್ತದೆ, ಸವೆತ ಉಳಿಯುತ್ತದೆ.

ವೈರಿಂಗ್

1990ರ ದಶಕದ ಮೊದಲ ಭಾಗದ ಮರ್ಸಿಡಿಸ್ ಪೆಟ್ರೋಲ್ ಕಾರುಗಳ ಎಂಜಿನ್ ವೈರಿಂಗ್ ಮುಪ್ಪಿನ ದೋಷಕ್ಕೆ ಪಠ್ಯಪುಸ್ತಕದಂಥ ಉದಾಹರಣೆ. ಆಗ ಬಳಸಿದ ವೈರಿನ ಹೊದಿಕೆ ಎಂಜಿನ್ನಿನ ಕಾವಿಗೆ ಒಣಗಿ, ಬಾಗಿಸಿದರೆ ಪುಡಿಯಾಗುತ್ತದೆ. ಬರಿಯ ತಾಮ್ರದ ಎಳೆಗಳು ಒಂದಕ್ಕೊಂದು ತಾಗಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಐಡಲಿಂಗ್ ಏರಿಳಿಯುತ್ತದೆ, ಕೊನೆಗೆ ಎಂಜಿನ್ ನಿಯಂತ್ರಕ ಪೆಟ್ಟಿಗೆಯೇ ಸುಟ್ಟುಹೋಗಬಹುದು. ಥ್ರಾಟಲ್ ಘಟಕದ ಒಳಗಿನ ವೈರಿಗೂ ಇದೇ ಗತಿ. ದೋಷ ತಿಳಿಯದೆ ಪ್ಲಗ್, ಕಾಯಿಲ್, ಸೆನ್ಸರ್ ಒಂದೊಂದಾಗಿ ಬದಲಿಸಿ ಹಣ ಕಳೆದುಕೊಂಡವರು ಬಹಳ. ಪರೀಕ್ಷೆ ಸರಳ: ಕನೆಕ್ಟರಿನ ಹಿಂದಿನ ರಬ್ಬರ್ ತೋಳನ್ನು ಸ್ವಲ್ಪ ಸರಿಸಿ ವೈರಿನ ಹೊದಿಕೆ ನೋಡಿದರೆ ಸಾಕು. ಹೊಸ ಹಾರ್ನೆಸ್ ಹಾಕುವುದು ಅಥವಾ ಶಾಖ ತಾಳುವ ವೈರಿನಿಂದ ಪೂರ್ತಿ ಹೊಸದಾಗಿ ಕಟ್ಟಿಸುವುದು ದುರಸ್ತಿ; ಟೇಪ್ ಸುತ್ತುವುದು ತಾತ್ಕಾಲಿಕ.

ಇಲಿ ಕಡಿತ, ಅರ್ಥಿಂಗ್ ಪಟ್ಟಿಗೆ ಹಿಡಿದ ತುಕ್ಕು, ಡೈನಮೋದ ಸವೆದ ಬ್ರಷ್ ಎಲ್ಲ ಹಳೆಯ ಕಾರುಗಳಿಗೂ ಸಮಾನ.

ಇಂಧನ ಮತ್ತು ಎಂಜಿನ್

ಕಾರ್ಬೊರೇಟರ್ ಇರುವ ಕಾಂಟೆಸ್ಸಾದಂಥ ಕಾರುಗಳಲ್ಲಿ ಬೇಸಿಗೆಯ ಘಾಟಿಯಲ್ಲಿ ವೇಪರ್ ಲಾಕ್ ಆಗುತ್ತದೆ: ಎಂಜಿನ್ನಿಗೆ ಅಂಟಿಕೊಂಡ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಪೂರೈಕೆ ಕಡಿಯುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದು ಚಾಲಕರ ಹಳೆಯ ಉಪಾಯ. ಪೈಪನ್ನು ಸೈಲೆನ್ಸರಿನ ಕಾವಿನಿಂದ ದೂರ ಒಯ್ಯುವುದು ಶಾಶ್ವತ ಪರಿಹಾರ.

ಮರ್ಸಿಡಿಸ್‌ನ ಡಬ್ಲ್ಯು123, ಡಬ್ಲ್ಯು124 ಡೀಸೆಲ್‌ಗಳು ದೀರ್ಘಾಯುಷ್ಯಕ್ಕೆ ಹೆಸರಾದವು. ಅವುಗಳ ಬಾಷ್ ಇಂಜೆಕ್ಷನ್ ಪಂಪಿನ ತಂತ್ರ ಕರ್ನಾಟಕಕ್ಕೆ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ, ಈಗಿನ ಬಾಷ್, ದಶಕಗಟ್ಟಲೆ ಡೀಸೆಲ್ ಪಂಪ್ ತಯಾರಿಸಿದ್ದರಿಂದ ಪಂಪ್ ಕ್ಯಾಲಿಬ್ರೇಷನ್ ಮಾಡುವ ಅಂಗಡಿಗಳು ಇಲ್ಲಿನ ಊರೂರಲ್ಲಿ ಬೆಳೆದವು. ಈ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪೈಪಿನ ಓ-ರಿಂಗ್ ಸೋರಿಕೆ, ಸುಟ್ಟ ಗ್ಲೋ ಪ್ಲಗ್, ನಿರ್ವಾತ ಕೊಳವೆಗಳ ಬಿರುಕು. ಹಳೆಯ ಡೀಸೆಲ್‌ಗಳಲ್ಲಿ ಎಂಜಿನ್ ಆರಿಸುವುದೂ ಬಾಗಿಲ ಬೀಗ ಹಾಕುವುದೂ ಒಂದೇ ನಿರ್ವಾತ ವ್ಯವಸ್ಥೆಯ ಕೆಲಸ. ಕೀಲಿ ತೆಗೆದರೂ ಎಂಜಿನ್ ಓಡುತ್ತಲೇ ಇದ್ದರೆ ದೋಷ ಬಾಗಿಲೊಳಗಿನ ಹರಿದ ರಬ್ಬರಿನಲ್ಲೂ ಇರಬಹುದು.

ಆಮೇಲೆ ಬಂದ ಮರ್ಸಿಡಿಸ್ ವಿ6 ಡೀಸೆಲ್ ಓಎಂ642 ಎಂಜಿನ್ನಿನಲ್ಲಿ ಆಯಿಲ್ ಕೂಲರಿನ ಸೀಲುಗಳು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಕುಳಿತಿವೆ. ಸೀಲಿನ ಬೆಲೆ ಅಲ್ಪ, ಅದನ್ನು ತಲುಪಲು ಟರ್ಬೊ ಸಮೇತ ಎಂಜಿನ್ನಿನ ಮೇಲ್ಭಾಗವನ್ನೆಲ್ಲ ಬಿಚ್ಚಬೇಕು. ನಾಲ್ಕು ಸಿಲಿಂಡರಿನ ಎಂ271 ಪೆಟ್ರೋಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಉದ್ದವಾಗುವುದು ತಿಳಿದ ದೋಷ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಕೆಲ ಕ್ಷಣ ಕೇಳುವ ಕಟಕಟ ಸದ್ದನ್ನು ಕಡೆಗಣಿಸಬಾರದು.

ಸಸ್ಪೆನ್ಷನ್ ಮತ್ತು ಸ್ಟೀರಿಂಗ್

ಮರ್ಸಿಡಿಸ್ 1982ರ 190 ಮಾದರಿಯಲ್ಲಿ ತಂದ ಹಿಂಬದಿಯ ಮಲ್ಟಿ-ಲಿಂಕ್ ಸಸ್ಪೆನ್ಷನ್ ಡಬ್ಲ್ಯು124ಕ್ಕೂ ಬಂತು. ಪ್ರತಿ ಚಕ್ರಕ್ಕೆ ಐದು ತೋಳುಗಳು, ಪ್ರತಿ ತೋಳಿನ ತುದಿಯಲ್ಲೂ ಬುಷ್. ಹೊಸದರಲ್ಲಿ ಕಾರಿನ ಆ ನೆಮ್ಮದಿಯ ಓಟಕ್ಕೆ ಕಾರಣವಾದ ಈ ರಬ್ಬರುಗಳೇ ಮುಪ್ಪಿನಲ್ಲಿ ಸದ್ದು, ತೂಗಾಟ, ಟೈರಿನ ಓರೆ ಸವೆತಕ್ಕೆ ಕಾರಣ. ಒಂದೇ ಬುಷ್ ಬದಲಿಸಿದರೆ ಉಳಿದ ಹಳೆಯವು ಬೇಗ ಕೈಕೊಡುತ್ತವೆ. ಎರಡೂ ಬದಿ ಒಟ್ಟಿಗೆ ಬದಲಿಸಿ ಅಲೈನ್‌ಮೆಂಟ್ ಮಾಡಿಸುವುದು ಕ್ರಮ. ಸ್ಟೀರಿಂಗಿನಲ್ಲಿ ಆಟ ಕಂಡರೆ ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡುವ ಮುಂಚೆ ಐಡ್ಲರ್ ಬುಷ್, ಬಾಲ್ ಜಾಯಿಂಟ್ ನೋಡಬೇಕು.

ಗಾಳಿ ತುಂಬಿದ ಏರ್‌ಮ್ಯಾಟಿಕ್ ಸಸ್ಪೆನ್ಷನ್ ಇರುವ ಕಾರು ರಾತ್ರಿ ಕಳೆಯುವುದರಲ್ಲಿ ಒಂದು ಮೂಲೆಗೆ ಕುಸಿದಿದ್ದರೆ ಆ ಬದಿಯ ಏರ್ ಸ್ಪ್ರಿಂಗ್ ಸೋರುತ್ತಿದೆ ಎಂದರ್ಥ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಕಾಣುತ್ತದೆ. ಸೋರಿಕೆ ಮುಂದುವರಿದರೆ ಅದನ್ನು ತುಂಬಲು ಬಿಡುವಿಲ್ಲದೆ ಓಡುವ ಕಂಪ್ರೆಸರ್ ಸುಡುತ್ತದೆ.

ಗೇರ್‌ಬಾಕ್ಸ್

ಮರ್ಸಿಡಿಸ್‌ನ ಐದು ಗೇರಿನ 722.6 ಆಟೋಮ್ಯಾಟಿಕ್ ಗಟ್ಟಿ ಪೆಟ್ಟಿಗೆ. ಆದರೆ ಅದರ ವಿದ್ಯುತ್ ಕನೆಕ್ಟರಿನ ಓ-ರಿಂಗ್ ಸೋರಿದಾಗ ಆಯಿಲ್ ವೈರಿನೊಳಗೇ ಏರುತ್ತಾ ಹೋಗಿ ಗೇರ್‌ಬಾಕ್ಸ್ ನಿಯಂತ್ರಕವನ್ನು ಸೇರುತ್ತದೆ. ‘ಜೀವನಪೂರ್ತಿ ಆಯಿಲ್’ ಎಂಬ ಭರವಸೆಯನ್ನು 15 ವರ್ಷ ದಾಟಿದ ಕಾರಿಗೆ ಅನ್ವಯಿಸಲಾಗದು. ಹಿಂದಿನ ಚಕ್ರಗಳಿಂದ ಓಡುವ ಆಟೋಮ್ಯಾಟಿಕ್ ಕಾರು ಕೆಟ್ಟರೆ ಹಗ್ಗ ಕಟ್ಟಿ ಎಳೆಯಬಾರದು. ಎಂಜಿನ್ ನಿಂತಾಗ ಗೇರ್‌ಬಾಕ್ಸಿನ ಪಂಪೂ ನಿಂತಿರುವುದರಿಂದ ಒಳಭಾಗ ಒಣಗಿ ಉಜ್ಜುತ್ತದೆ. ಬೆಟ್ಟದಿಂದ ಇಳಿಸಲು ಕಾರನ್ನು ಪೂರ್ತಿ ಹೊರುವ ಲಾರಿಯೇ ಬೇಕು.

ನೀರು, ತುಕ್ಕು, ಎಸಿ

ಕರಾವಳಿಗೆ ಹೋಲಿಸಿದರೆ ಕೊಳ್ಳೇಗಾಲದ ಒಣ ಹವೆ ಕಾರಿನ ಒಡಲಿಗೆ ಒಳ್ಳೆಯದು. ಆದರೆ ಮರದಡಿ ನಿಲ್ಲಿಸಿದ ಕಾರಿನಲ್ಲಿ ಗಾಜಿನ ಬುಡದ ನೀರಿನ ಕಿಂಡಿಗಳನ್ನು ಎಲೆಕಸ ಮುಚ್ಚಿ, ಮಳೆನೀರು ಬ್ಲೋವರಿಗೂ ಫ್ಯೂಸ್ ಪೆಟ್ಟಿಗೆಗೂ ಇಳಿಯುತ್ತದೆ. ಡಬ್ಲ್ಯು210ರಲ್ಲಿ ಮುಂದಿನ ಸ್ಪ್ರಿಂಗ್ ಕೂರುವ ಬಟ್ಟಲಿಗೆ ತುಕ್ಕು ಹಿಡಿಯುವುದು ಅಪಾಯಕಾರಿ. ಕೊಳ್ಳುವ ಮುನ್ನ ಚಕ್ರ ಬಿಚ್ಚಿ ನೋಡಬೇಕು. ಡಬ್ಲ್ಯು124ರ ಎಸಿ ಇವ್ಯಾಪೊರೇಟರ್ ಸೋರಿದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಗುತ್ತದೆ.

ದುರಸ್ತಿಯ ಕ್ರಮ ಮತ್ತು ಬಿಡಿಭಾಗ

ಹೊಸದಾಗಿ ಕೈಗೆ ಬಂದ ಹಳೆಯ ಸೆಡಾನಿಗೆ ಮೊದಲು ಪೇಂಟ್ ಮಾಡಿಸುವವರೇ ಹೆಚ್ಚು. ಸರಿಯಾದ ಕ್ರಮ ಅದಕ್ಕೆ ವಿರುದ್ಧ: ಎಲ್ಲ ದ್ರವಗಳು, ಬ್ರೇಕ್ ಮತ್ತು ಟೈರ್ ಮೊದಲು, ಕೂಲಿಂಗಿನ ರಬ್ಬರ್-ಪ್ಲಾಸ್ಟಿಕ್ ಮತ್ತು ಇಂಧನ ಪೈಪ್ ಆನಂತರ, ಆಮೇಲೆ ವೈರಿಂಗ್, ಬುಷ್, ಎಸಿ, ಟಿಂಕರಿಂಗ್, ಬಣ್ಣ ಕೊನೆಗೆ. ಟೈರನ್ನೂ ತಯಾರಿಕೆಯ ವಾರ, ವರ್ಷ ಸೂಚಿಸುವ ನಾಲ್ಕು ಅಂಕಿ ನೋಡಿ ನಿರ್ಧರಿಸಬೇಕು. ಗೀರು ಆಳವಿದ್ದರೂ ಹಳೆಯ ರಬ್ಬರ್ ಬಿರಿಯುತ್ತದೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಗುಜರಿ ಸಾಮಾನಿಗೆ ಶಿವಾಜಿನಗರ ಹಳೆಯ ವಿಳಾಸಗಳು. ಬಾಗಿಲು, ದೀಪ, ಸೀಟು, ಗಾಜು ಗುಜರಿಯಲ್ಲಿ ತರಬಹುದು. ಬ್ರೇಕ್, ಹೋಸ್, ಬುಷ್, ಸೀಲುಗಳನ್ನು ಗುಜರಿಯಿಂದ ತರುವುದರಲ್ಲಿ ಅರ್ಥವಿಲ್ಲ. ಅವು ನಮ್ಮ ಕಾರಿನ ಭಾಗಗಳಷ್ಟೇ ಮುಪ್ಪಾಗಿರುತ್ತವೆ. ಕಂಪನಿಯ ಪೆಟ್ಟಿಗೆ, ಅದೇ ಭಾಗ ತಯಾರಿಸಿ ಕಂಪನಿಗೆ ಕೊಡುವವರ ಪೆಟ್ಟಿಗೆ, ಲೋಕಲ್ ಎಂದು ಮೂರು ದರ್ಜೆಗಳಿದ್ದು, ಎರಡನೆಯದು ಗುಣದಲ್ಲಿ ಮೊದಲನೆಯದಕ್ಕೆ ಸಮ, ಬೆಲೆಯಲ್ಲಿ ಕಡಿಮೆ.

ಇಂದಿನ ಸ್ಥಿತಿ

15 ವರ್ಷ ತುಂಬಿದ ಕಾರನ್ನು ಆರ್‌ಟಿಒ ತಪಾಸಣೆಯ ಬಳಿಕ ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸಬಹುದು. ಕೆಎ-10 ಸಂಖ್ಯೆಯ ಕಾರುಗಳಿಗೆ ಈ ಕೆಲಸ ಚಾಮರಾಜನಗರದಲ್ಲಿ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕಾರಿನ ಮರುನೋಂದಣಿ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿತು. ಕರ್ನಾಟಕದಲ್ಲಿ ಇದರ ಜತೆಗೆ ಹಸಿರು ತೆರಿಗೆಯೂ ಇದೆ.

ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಹಳೆಯ ಕಾರುಗಳ ಇಂಧನ ಹೋಸ್, ಪಂಪಿನ ಡಯಾಫ್ರಮ್, ಕಾರ್ಬೊರೇಟರಿನ ರಬ್ಬರುಗಳು ಈ ಮಿಶ್ರಣಕ್ಕೆಂದು ಮಾಡಿದವಲ್ಲ. ಎಥನಾಲ್ ತಾಳುವ ಹೋಸ್ ಹಾಕಿಸುವುದು, ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡದಿರುವುದು ಈಗ ಅಗತ್ಯ ಕ್ರಮಗಳು.

ಹಳೆಯ ಕಾರುಗಳನ್ನು ಕಾಪಿಡುವ ಕೆಲಸ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಬಹುಕಾಲದಿಂದ ನಡೆದಿದೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲೂ ಧರ್ಮಸ್ಥಳದ ಸಂಗ್ರಹದ ಕಾರುಗಳಿವೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನಗಳಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಮೊದಲ ವರ್ಷದ ಕಾಂಟೆಸ್ಸಾಗಳು ಆ ವಯಸ್ಸು ಮುಟ್ಟುವುದು 2034ರಲ್ಲಿ, ಪುಣೆಯ ಮೊದಲ ಡಬ್ಲ್ಯು124ಗಳು 2045ರಲ್ಲಿ. ಅಲ್ಲಿಯವರೆಗೆ ಇವು ಸಾಮಾನ್ಯ ಹಳೆಯ ಕಾರುಗಳ ನಿಯಮಕ್ಕೇ ಒಳಪಟ್ಟು ಐದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಬೇಕು.